ಒಣ ಮಡಿ

೧೪ ಮೇ ೨೦೦೬

ಶೇಖರನಿಗೆ ಸಚಿವಾಲಯದಲ್ಲಿ ವರ್ಷಕ್ಕೊಂದು ಡೈರಿ ಕೊಡುತ್ತಾರೆ, ಅವನು ಅದನ್ನು ಬೀರುವಿನ ಮೇಲೆ ಎಸೆಯುತ್ತಾನೆ. ಈ ವರ್ಷದ್ದನ್ನು ನಾನು ಎತ್ತಿಕೊಂಡೆ. ದೆಹಲಿಗೆ ಬಂದು ಎರಡು ತಿಂಗಳಾದರೂ ಕನ್ನಡದಲ್ಲಿ ಜಗಳವಾಡಲು ನನಗೊಬ್ಬರು ಸಿಕ್ಕಿಲ್ಲ. ಸೊಸೆಯ ಜೊತೆ ಆಡೋಣವೆಂದರೆ ಅವಳು ತಿರುಗಿ ಮಾತೇ ಆಡುವುದಿಲ್ಲ. ನನ್ನ ಹೊಟ್ಟೆ ಉರಿಯಲು ಅಷ್ಟು ಸಾಕು.

ಸೊಸೆ ಎಂದರೆ ವಸಂತಿ. ಬೆಳಗಾದರೆ ಬಸ್ಸು ಹಿಡಿದು ಓಖ್ಲಾದ ಬಟ್ಟೆ ಕಂಪನಿಯ ಆಫೀಸಿಗೆ ಓಡುತ್ತಾಳೆ. ಮಗುವನ್ನು ನೋಡಿಕೊಳ್ಳಲು ನನ್ನನ್ನು ಮೈಸೂರಿನಿಂದ ಈ ಆರ್.ಕೆ.ಪುರಂ ಕ್ವಾರ್ಟರ್ಸಿಗೆ ಕರೆಸಿಕೊಂಡಿದ್ದಾರೆ. ಗಣೇಶನ ಹಬ್ಬದವರೆಗೆ ಇರುತ್ತೇನೆ, ಆಮೇಲೆ ತಂಗಿ ರತ್ನಮ್ಮನ ಮನೆಗೆ ಹೊರಟೆ. ಟಿಕೆಟ್ ತೆಗೆಸು ಎಂದು ಶೇಖರನಿಗೆ ಈಗಲೇ ಹೇಳಿಟ್ಟಿದ್ದೇನೆ.

ಮೊಮ್ಮಗಳು ಅನನ್ಯಾಗೆ ಎಂಟು ವರ್ಷ. ನೋಡಿದವರು ಐದು ಎನ್ನುತ್ತಾರೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುಕಾಯಿಲೆ. ಹೆಸರನ್ನು ವಸಂತಿ ಬರೆದುಕೊಟ್ಟಳು, ನನ್ನ ನಾಲಿಗೆ ಇನ್ನೂ ಹೊರಳುವುದಿಲ್ಲ. ಎದೆಯೊಳಗಿನ ಕಫ ನಮ್ಮದರ ಹಾಗೆ ಸಡಿಲವಿರದೆ ಅಂಟಾಗಿ ಕೂರುತ್ತದಂತೆ. ತಿಂದದ್ದು ಮೈಗೆ ಹತ್ತಬೇಕಾದರೆ ಪ್ರತಿ ಊಟಕ್ಕೂ ಒಂದು ಮಾತ್ರೆ ನುಂಗಬೇಕು. ಬೆವರಂತೂ ಉಪ್ಪೋ ಉಪ್ಪು. ಹಣೆಗೆ ಮುತ್ತು ಕೊಟ್ಟರೆ ತುಟಿಗೆ ಉಪ್ಪು ಹತ್ತುತ್ತದೆ, ಅದಕ್ಕೇ ಅವಳನ್ನು ನಾನು ಉಪ್ಪಿನ ಗೊಂಬೆ ಎಂದು ಕರೆಯುವುದು.

ಬಂದ ದಿನವೇ ಅವಳನ್ನು ಅಡಿಗೆಮನೆಯ ಬಾಗಿಲಿಗೆ ಒರಗಿಸಿ ನಿಲ್ಲಿಸಿ, ತಲೆಯ ಎತ್ತರಕ್ಕೆ ಪೆನ್ಸಿಲಿನ ಗೆರೆ ಎಳೆದಿದ್ದೆ. ಇವತ್ತು ಮತ್ತೆ ನಿಲ್ಲಿಸಿದೆ. ಗೆರೆ ಅಲ್ಲೇ ಇದೆ. ದೇವರೇ, ಮಗು ಬೆಳೆಯಲಿ, ನಾನು ಬೇರೇನೂ ಕೇಳುವುದಿಲ್ಲ.

೨೩ ಮೇ

ನನಗೆ ಸೆಕೆ ತಡೆಯುವುದಿಲ್ಲವೆಂದು ಶೇಖರ ಕಿಟಕಿಗೆ ಹೊಸ ಕೂಲರ್ ಕೂರಿಸಿದ್ದಾನೆ. ಕೆಳಗೆ ನೀರಿನ ತೊಟ್ಟಿ, ಸುತ್ತ ಹುಲ್ಲಿನ ತಡಿಕೆ, ಒಳಗೆ ಫ್ಯಾನು. ಮಾರುವವನು ಆ ಹುಲ್ಲನ್ನು ಖಸ್ ಖಸ್ ಎನ್ನುತ್ತಿದ್ದ. ನೀರು ಬಿದ್ದ ಮೇಲೆ ಮೂಗಿಗೆ ಗೊತ್ತಾಯಿತು, ಅದು ನಮ್ಮ ಲಾವಂಚ.

ಮಧ್ಯಾಹ್ನ ಹೊರಗೆ ಬಿಸಿಗಾಳಿ ಬೀಸುವಾಗ ನಾನೂ ಮಗುವೂ ಅದರ ಮುಂದೆ ಚಾಪೆ ಹಾಸಿ ಮಲಗುತ್ತೇವೆ. ಕಣ್ಣು ಮುಚ್ಚಿದರೆ ಸಾಕು, ನಂಜನಗೂಡಿನ ಹೊಳೆ. ಒದ್ದೆ ಮೆಟ್ಟಿಲು, ಒದ್ದೆ ಸೀರೆ, ಕಪಿಲೆಯ ಮೇಲಿಂದ ಬರುವ ತಣ್ಣನೆ ಗಾಳಿ. ಇವತ್ತಿನ ಕನಸಿನಲ್ಲಿ ಅನನ್ಯಾ ಕೊನೆಯ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟಿದ್ದಳು. ಏಳು ಎಂದರೆ ಏಳಲೊಲ್ಲಳು, ನಗುತ್ತಾಳೆ. ನೀರು ಅವಳ ಮೊಣಕಾಲಿಗೆ ಬಂದಿತ್ತು. ಎಚ್ಚರವಾದಾಗ ಮಗು ನನ್ನ ಪಕ್ಕದಲ್ಲೇ ಬಾಯಿ ತೆರೆದು ನಿದ್ದೆ ಹೋಗಿತ್ತು, ಕೂಲರಿನ ತುಂತುರು ಅವಳ ರೆಪ್ಪೆಯ ಮೇಲೆ ಕೂತಿತ್ತು. ಎಷ್ಟು ಹೊತ್ತು ನೋಡುತ್ತಾ ಕೂತೆನೋ, ಹಾಲು ಉಕ್ಕಿ ಒಲೆಯೆಲ್ಲ ರಾಡಿ.

೨ ಜೂನ್

ನೆಬ್ಯುಲೈಜರ್ ಎಂಬ ಗುರುಗುಟ್ಟುವ ಮಷೀನು ಒಂದಿದೆ. ದಿನಕ್ಕೆರಡು ಹೊತ್ತು ಮಗು ಮಾಸ್ಕ್ ಹಾಕಿಕೊಂಡು ಔಷಧಿಯ ಹೊಗೆಯಂಥ ಹನಿಯನ್ನು ಒಳಗೆಳೆದುಕೊಳ್ಳುತ್ತದೆ. ಆಮೇಲೆ ವಸಂತಿ ಅವಳನ್ನು ದಿಂಬಿನ ಮೇಲೆ ಬೋರಲು ಹಾಕಿ, ಕೈ ಬೊಗಸೆ ಮಾಡಿ ಬೆನ್ನಿಗೆ ತಟ್ಟುತ್ತಾಳೆ, ಕಫ ಸಡಿಲವಾಗಲಿ ಎಂದು. ಮೊದಲ ದಿನ ನೋಡಿ, ಮಗುವನ್ನು ಬಡಿಯುತ್ತೀಯೇನೇ ಎಂದು ನಾನು ಕೂಗಿದ್ದೆ.

ಬಸ್ಸಿನಿಂದ ಇಳಿದ ಬಟ್ಟೆಯಲ್ಲೇ ಅವಳು ಆ ಮಾಸ್ಕನ್ನು ಮುಟ್ಟುವುದು ನನಗೆ ಸರಿಬರಲಿಲ್ಲ. ಮಗುವಿನ ಉಸಿರೊಳಗೆ ಹೋಗುವ ಸಾಮಾನು, ಅದಕ್ಕೆ ಮಡಿ ಬೇಡವೇ? ಇನ್ನು ಮೇಲೆ ನಾನೇ ತೊಳೆಯುತ್ತೇನೆ ಎಂದೆ. ಸ್ನಾನ ಮಾಡಿ, ಮಡಿಯುಟ್ಟು, ಬೆಳಗಿನ ಮಡಿನೀರಿನಲ್ಲೇ ತೊಳೆಯುತ್ತೇನೆ. ಇಲ್ಲಿ ನಲ್ಲಿ ಬರುವುದು ಎರಡೇ ಹೊತ್ತು. ಯಾರೂ ಮುಟ್ಟುವ ಮೊದಲು ಕೊಡ ತುಂಬಿ ಇಟ್ಟರೆ ಇಡೀ ದಿನಕ್ಕೆ ಅದೇ. ತೊಳೆದದ್ದನ್ನು ತಾಮ್ರದ ತಪ್ಪಲೆಯ ನೀರಿನಲ್ಲಿ ಮುಳುಗಿಸಿ ದೇವರ ಗೂಡಿನ ಕೆಳಗಿಡುತ್ತೇನೆ, ಯಾರ ಕೈಯೂ ಸೋಕುವುದಿಲ್ಲ.

"ಅತ್ತೆ, ನಾನು ಕುದಿಸಿ ಒಣಗಿಸ್ತಿದ್ದೆ, ಅದೇ..." ಎಂದು ವಸಂತಿ ಶುರು ಮಾಡಿದಳು. ನನ್ನ ಮುಖ ನೋಡಿ ಸುಮ್ಮನಾದಳು. ನಿದ್ದೆಯಿಲ್ಲದೆ ಅವಳ ಕಣ್ಣು ಊದಿಕೊಂಡಿದ್ದವು. ಒಂದು ಕೆಲಸವಾದರೂ ಕಡಿಮೆಯಾಯಿತಲ್ಲ ಎನ್ನಿಸಿರಬೇಕು.

೧೭ ಜೂನ್

ಮಗುವಿಗೆ ವಾರದಿಂದ ಕೆಮ್ಮು. ಮೊದಲಿನ ಕೆಮ್ಮಲ್ಲ, ಒಳಗೆ ಒದ್ದೆ ಬಟ್ಟೆ ಹಿಂಡಿದಂಥ ಸದ್ದು. ಕಫ ಹಸಿರು. ಶೇಖರ ಅದನ್ನು ಡಬ್ಬಿಯಲ್ಲಿ ಹಿಡಿದು ಆಸ್ಪತ್ರೆಗೆ ಕೊಟ್ಟುಬಂದ. ಊಟ ಸೇರುತ್ತಿಲ್ಲ. ಗೆರೆ ಅಲ್ಲೇ ಇದೆ.

೨೩ ಜೂನ್

ಬರೆಯಲು ನಾಚಿಕೆಯಾಗುತ್ತದೆ.

ಮಧ್ಯಾಹ್ನ ಶೇಖರ ಆಫೀಸಿನಿಂದ ಫೋನು ಮಾಡಿದ. "ಅಮ್ಮ, ಅನನ್ಯಾ ರಿಪೋರ್ಟ್ ಬಂತು. ಬೆಳೆದಿದೆಯಂತೆ," ಎಂದ. ಇನ್ನೇನೋ ಹೇಳುತ್ತಿದ್ದ, ಲೈನು ಗೊರಗೊರ ಎಂದು ನಿಂತಿತು. ನನಗೆ ಅಷ್ಟು ಸಾಕಾಗಿತ್ತು. ಪೆನ್ಸಿಲಿನ ಗೆರೆ ಸುಳ್ಳು ಹೇಳಿದರೂ ಆಸ್ಪತ್ರೆಯ ಮಷೀನು ಹೇಳೀತೇ? ನನ್ನ ಬಂಗಾರ ಬೆಳೆದಿದೆ! ಶ್ಯಾವಿಗೆ ಹುರಿದೆ, ದ್ರಾಕ್ಷಿ ಗೋಡಂಬಿ ಧಾರಾಳವಾಗಿ ಹಾಕಿದೆ. ಪಕ್ಕದ ಮನೆಯ ಪಂಜಾಬಿ ಹೆಂಗಸಿಗೂ ಒಂದು ಬಟ್ಟಲು ಕೊಟ್ಟು, "ಬಚ್ಚೀ ಬಡೀ ಹೋ ಗಯೀ" ಎಂದೆ, ಮಗು ದೊಡ್ಡವಳಾದಳು ಅಂತ. ಅವಳು ಏನು ತಿಳಿದುಕೊಂಡಳೋ, ಕಣ್ಣರಳಿಸಿ ಅನನ್ಯಾಳನ್ನು ಮೇಲಿಂದ ಕೆಳಗೆ ನೋಡಿದಳು.

ಸಂಜೆ ಗಂಡ ಹೆಂಡತಿ ಒಟ್ಟಿಗೆ ಬಂದರು. ವಸಂತಿ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು. ನಾನು ಬಟ್ಟಲು ಹಿಡಿದು ಎದುರಿಗೆ ಹೋದೆ.

"ಏನಮ್ಮ ಇದು?" ಎಂದ ಶೇಖರ.

"ಪಾಯಸ ಕಣೋ. ಬೆಳೆದಿದೆ ಅಂದ್ಯಲ್ಲ!"

ವಸಂತಿಯೇ ಹೇಳಿದಳು. "ಅನನ್ಯಾ ಅಲ್ಲ ಅತ್ತೆ, ಕೀಟಾಣು. ಅವಳ ಕಫದಲ್ಲಿ ಕೀಟಾಣು ಬೆಳೆದಿದೆ." ಅಷ್ಟು ಹೇಳಿ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡಳು, ಕೂತು ಪೂರ್ತಿ ತಿಂದಳು. ತಿನ್ನುವಾಗ ಕಣ್ಣೀರು ಇಳಿಯುತ್ತಲೇ ಇತ್ತು. ಅವಳು ನನ್ನನ್ನು ಬೈಯಬಹುದಿತ್ತು.

೨೬ ಜೂನ್

ಆಸ್ಪತ್ರೆಗೆ ನಾನೂ ಹೋಗಿದ್ದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಹಿಂದಿಯಲ್ಲಿ ನಿಧಾನವಾಗಿ ಹೇಳಿದಳು, ತಿಳಿಯದ್ದನ್ನು ವಸಂತಿ ಕನ್ನಡ ಮಾಡಿದಳು. ಈ ಕೀಟಾಣು ನೀರಿನಲ್ಲಿ, ತೇವದಲ್ಲಿ ಇರುವಂಥದ್ದು. ನಮ್ಮಂಥವರ ಎದೆಗೆ ಹೋದರೆ ತಾನೇ ಹೊರಬೀಳುತ್ತದೆ. ಈ ಮಗುವಿನ ಗಟ್ಟಿ ಕಫದಲ್ಲಿ ಅದಕ್ಕೆ ಮನೆ ಸಿಕ್ಕಿಬಿಡುತ್ತದೆ. ಈಗಷ್ಟೇ ಬಂದಿದೆ, ಔಷಧಿಯಿಂದ ಓಡಿಸಬಹುದು. ಬೇರು ಬಿಟ್ಟರೆ ಮತ್ತೆ ಹೋಗುವುದಿಲ್ಲ, ಶ್ವಾಸಕೋಶವನ್ನು ಸ್ವಲ್ಪ ಸ್ವಲ್ಪವೇ ತಿನ್ನುತ್ತಾ ಇರುತ್ತದೆ. ಮೂರು ತಿಂಗಳು ಮಷೀನಿನಲ್ಲಿ ಹೊಸ ಔಷಧಿ, ಆಮೇಲೆ ಮತ್ತೆ ಪರೀಕ್ಷೆ.

"ಮಾಸ್ಕ್ ಯಾರು ತೊಳೆಯುತ್ತಾರೆ?" ಎಂದು ಕೇಳಿದಳು.

ನಾನು ಸೆರಗು ಸರಿಮಾಡಿಕೊಂಡು ಮುಂದೆ ಬಂದೆ. "ಮೈ ಧೋತೀ ಹೂಂ. ನಹಾಕೇ, ಮಡಿ ಪಾನೀ ಸೇ. ಕಿಸೀಕೋ ಛೂನೇ ನಹೀಂ ದೇತೀ!" ಸ್ನಾನ ಮಾಡಿ ನಾನೇ ತೊಳೆಯುವುದು, ಯಾರಿಗೂ ಮುಟ್ಟಗೊಡುವುದಿಲ್ಲ ಎಂದೆ. ತಪ್ಪಲೆಯ ನೀರು, ದೇವರ ಗೂಡು, ಎಲ್ಲವನ್ನೂ ಹೇಳಿದೆ. ಆಸ್ಪತ್ರೆಯಲ್ಲೂ ಇಷ್ಟು ಶುದ್ಧ ಇರಲಿಕ್ಕಿಲ್ಲ ಎಂಬ ಜಂಬ ನನಗೆ.

ಡಾಕ್ಟರು ನಗಲಿಲ್ಲ. ನನ್ನ ಕೈ ಹಿಡಿದುಕೊಂಡಳು. "ಅಮ್ಮಾಜಿ, ಸಾಫ್ ತೋ ಬಹುತ್ ಹೈ. ಲೇಕಿನ್ ಗೀಲಾ ಹೈ." ಶುದ್ಧವೇನೋ ಬಹಳ, ಆದರೆ ಗೀಲಾ ಎಂದಳು.

ಗೀಲಾ. ಒದ್ದೆ. ಕೂಲರಿನ ಮಾತೂ ಬಂತು, ನಿಂತ ನೀರಿನ ಕೊಡ ಬಕೆಟ್ಟುಗಳ ಮಾತೂ ಬಂತು. ಯಾವುದರಿಂದ ಬಂತೋ ಹೇಳಲಾಗದು, ಗೀಲಾ ಇರುವುದನ್ನೆಲ್ಲ ಮಗುವಿನಿಂದ ದೂರವಿಡಿ ಎಂದಳು. ಮನೆಗೆ ಬರುವ ಆಟೋದಲ್ಲಿ ವಸಂತಿ ನನ್ನ ಪಕ್ಕದಲ್ಲಿ ಕೂತಿದ್ದಳು. ಒಂದು ಮಾತಾದರೂ ಅನ್ನು ಮಹಾತಾಯಿ ಎಂದು ಕಾದೆ. ಅವಳು ಅನ್ನಲಿಲ್ಲ.

೨೭ ಜೂನ್

ಏನೂ ತೋಚುವುದಿಲ್ಲ.

೩ ಜುಲೈ

ಕೂಲರಿನ ತೊಟ್ಟಿ ಬಸಿದಾಯಿತು. ತಡಿಕೆಗಳನ್ನು ಶೇಖರ ಕೆಳಗೆ ಕಸದ ಗುಂಡಿಗೆ ಹಾಕಿದ. ಮಗುವಿನ ಕೋಣೆಗೆ ಸಾಲ ತೆಗೆದು ಏಸಿ ಹಾಕಿಸುತ್ತಾನಂತೆ. ನಾನು ಹಾಲಿನಲ್ಲಿ ಫ್ಯಾನಿನ ಕೆಳಗೆ ಮಲಗುತ್ತೇನೆ. ನನಗೇನು, ಮುದುಕಿ, ಬೇಯಲಿ.

ಎಪ್ಪತ್ತು ವರ್ಷ ನನಗೆ ಒದ್ದೆ ಎಂದರೇ ಶುದ್ಧ. ಒದ್ದೆ ಸೀರೆಯಲ್ಲಿ ನೈವೇದ್ಯ ಮಾಡಿದ್ದೇನೆ, ಒದ್ದೆ ಕೂದಲಲ್ಲಿ ತುಳಸಿ ಸುತ್ತಿದ್ದೇನೆ. ನೀರು ಚಿಮುಕಿಸಿದರೆ ನೆಲ ಶುದ್ಧ, ನೀರು ಮುಟ್ಟಿದರೆ ಕೈ ಶುದ್ಧ. ಈಗ ಆ ಡಾಕ್ಟರು ಹುಡುಗಿ ಒಂದು ಮಾತಿನಲ್ಲಿ ಅದನ್ನೆಲ್ಲ ಮೈಲಿಗೆ ಮಾಡಿ ಕೂರಿಸಿದಳು. ಸಿಟ್ಟು ಬರುತ್ತದೆ. ಸಿಟ್ಟು ಯಾರ ಮೇಲೆ ಎಂದು ಮಾತ್ರ ಗೊತ್ತಾಗುವುದಿಲ್ಲ.

ಮಧ್ಯಾಹ್ನ ಸೆಕೆಯಲ್ಲಿ ಜೋಂಪು ಹತ್ತಿತು. ಹೊಳೆ ಬಂತು, ಆದರೆ ಇಳಿದಿತ್ತು. ಯಾವತ್ತೂ ಕಾಣದ ಕೆಳಗಿನ ಮೆಟ್ಟಿಲುಗಳು ಕಂಡವು. ಉಪ್ಪಿನ ಗೊಂಬೆ ಅಲ್ಲಿ ಇರಲಿಲ್ಲ. ಹುಡುಕುತ್ತಾ ಎಚ್ಚರವಾಯಿತು.

೧೧ ಜುಲೈ

ಮಾಸ್ಕಿನ ಕೆಲಸವನ್ನು ವಸಂತಿ ಮತ್ತೆ ತಾನೇ ತೆಗೆದುಕೊಂಡಿದ್ದಳು. ಇವತ್ತು ಬೆಳಿಗ್ಗೆ ನೋಡುತ್ತೇನೆ, ಒಂದು ಕೈಯಲ್ಲಿ ದೋಸೆ ಸೌಟು, ಇನ್ನೊಂದು ಕೈಯಲ್ಲಿ ಇಕ್ಕಳ, ಕುದಿಯುವ ಪಾತ್ರೆಯಿಂದ ಮಾಸ್ಕ್ ಎತ್ತುತ್ತಾ ನಿಂತಲ್ಲೇ ತೂಕಡಿಸುತ್ತಿದ್ದಾಳೆ. ಇಕ್ಕಳ ಕಿತ್ತುಕೊಂಡೆ.

"ಬಿಡೇ ಇತ್ತ. ಹೇಗೆ ಅಂತ ಒಂದು ಸಲ ತೋರಿಸು."

ಅವಳು ಒಲೆ ಸಣ್ಣ ಮಾಡಿದಳು. "ಸೋಪಲ್ಲಿ ತೊಳೀಬೇಕು, ಕುದಿಸ್ಬೇಕು, ಆಮೇಲೆ ಪೂರ್ತಿ ಒಣಗ್ಬೇಕು ಅತ್ತೆ. ಒಂದು ಹನಿ ಉಳೀಬಾರ್ದು."

"ಒಣಗೋವರೆಗೆ ಯಾರೂ ಮುಟ್ಟಬಾರ್ದು ತಾನೇ?"

"ಹೂಂ, ಮುಟ್ಟಬಾರ್ದು."

ಮುಟ್ಟಬಾರದು ಎಂಬುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ನನ್ನ ಮಡಿಸೀರೆ ಒಣಹಾಕುವ ಬಿದಿರಿನ ಗಳು ಬಾಲ್ಕನಿಯ ಒಳಗಡೆ ಎತ್ತರದಲ್ಲಿದೆ, ಕೋಲಿನಿಂದಲ್ಲದೆ ಯಾರಿಗೂ ಎಟಕುವುದಿಲ್ಲ. ಸೀರೆ ತೆಗೆದೆ. ಕುದಿಸಿ ಒಣಗಿಸಿಟ್ಟ ಬಿಳಿ ಬಟ್ಟೆಯ ಚೀಲದಲ್ಲಿ ಮಾಸ್ಕ್ ಹಾಕಿ ಅಲ್ಲಿ ತೂಗುಬಿಟ್ಟೆ. ಶೇಖರ ಟವೆಲ್ಲು ಹಾಕಲು ಬಂದ, ಓಡಿಸಿದೆ. ನನ್ನ ಸೀರೆ ಈಗ ಬಚ್ಚಲಿನ ಮೊಳೆಯ ಮೇಲೆ.

೪ ಆಗಸ್ಟ್

ವರಮಹಾಲಕ್ಷ್ಮಿ. ಕಲಶಕ್ಕೆ ನೀರಿನ ಬದಲು ಅಕ್ಕಿ ತುಂಬಿದೆ. ಅಮ್ಮನವರು ಏನೂ ಅಂದುಕೊಂಡ ಹಾಗೆ ಕಾಣಲಿಲ್ಲ. ಪೂಜೆ ತಡವಾಯಿತು, ಮಾಸ್ಕ್ ಒಣಗುವವರೆಗೆ ನಾನು ಅಲ್ಲಾಡುವ ಹಾಗಿರಲಿಲ್ಲ.

೧೬ ಆಗಸ್ಟ್

ಮಳೆ ನಿಲ್ಲುತ್ತಿಲ್ಲ. ಗೋಡೆಗೆಲ್ಲ ತೇವ ಏರಿ ಬೂಷ್ಟು ಬಂದಿದೆ, ಒಣಗಿತು ಎಂದದ್ದು ಮುಟ್ಟಿದರೆ ತಣ್ಣಗೆ. ಮಗುವಿಗೆ ನಿನ್ನೆಯಿಂದ ಜ್ವರ. ಡಾಕ್ಟರು ಮಾತ್ರೆ ಸೇರಿಸಿದ್ದಾಳೆ, ಜ್ವರ ಇಳಿಯದಿದ್ದರೆ ಆಸ್ಪತ್ರೆಗೆ ಸೇರಿಸಿ ಸೂಜಿಯಲ್ಲಿ ಔಷಧಿ ಎಂದಿದ್ದಾಳೆ. ಬೇರು ಬಿಟ್ಟಿತೇ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ.

ಮಾಸ್ಕನ್ನು ಕಾದ ಬಾಣಲೆಯ ಬಿಸಿಗಾಳಿಗೆ ಹಿಡಿದು ಒಣಗಿಸಿದೆ. ಬಾತ್‌ರೂಮಿನ ಬಕೆಟ್ಟು ಬೋರಲು, ಕೊಡ ಬೋರಲು, ಚೊಂಬು ಬೋರಲು. ಕುಡಿಯುವ ನೀರು ಬಿಟ್ಟರೆ ಮನೆಯಲ್ಲಿ ಒಂದು ಹನಿ ನಿಲ್ಲಗೊಡುವುದಿಲ್ಲ.

ವಸಂತಿ ತಟ್ಟಿ ತಟ್ಟಿ ಸೋತಾಗ ನಾನು ಕೂತೆ. ಕೈ ಬೊಗಸೆ ಮಾಡಿ ಮೆಲ್ಲಗೆ, ಬೆನ್ನಿನ ಒಂದು ಕಡೆ, ಇನ್ನೊಂದು ಕಡೆ. ಅದರ ತಾಳಕ್ಕೆ ಬಾಯಿಗೆ ಬಂದ ಹಾಡು ಸೇರಿಸಿದೆ. ಮಗು ದಿಂಬಿನಿಂದ ಮುಖವೆತ್ತದೆ, "ಅಜ್ಜಿ, ತುಮ್ ಮಮ್ಮಿ ಸೇ ಅಚ್ಛಾ ತಟ್ಟುತೀ," ಎಂದಳು. ಅಮ್ಮನಿಗಿಂತ ನಾನು ಚೆನ್ನಾಗಿ ತಟ್ಟುತ್ತೇನಂತೆ. ವಸಂತಿ ಬಾಗಿಲಿಗೊರಗಿ ನಕ್ಕಳು. ಅವಳು ನಕ್ಕದ್ದನ್ನು ನಾನು ಈ ಊರಿಗೆ ಬಂದ ಮೇಲೆ ನೋಡಿರಲೇ ಇಲ್ಲ. ಹಲ್ಲು ಚೆನ್ನಾಗಿವೆ.

೧೯ ಆಗಸ್ಟ್

ಜ್ವರ ಬಿಟ್ಟಿತು. ಅನ್ನ ಸಾರು ಕೇಳಿ ಹಾಕಿಸಿಕೊಂಡಳು.

೨೭ ಆಗಸ್ಟ್

ಗಣೇಶ. ಬಕೆಟ್ಟಿನಲ್ಲಿ ವಿಸರ್ಜನೆ ಮಾಡಿ, ನೀರನ್ನು ಕೂಡಲೇ ಕೆಳಗಿನ ಬೇವಿನ ಮರಕ್ಕೆ ಸುರಿಸಿದೆ. ರತ್ನಮ್ಮ ಫೋನು ಮಾಡಿ, ಬುಧವಾರದ ರೈಲಿಗೆ ಸ್ಟೇಷನ್ನಿಗೆ ಯಾರನ್ನು ಕಳಿಸಲಿ ಎಂದು ಕೇಳಿದಳು. ಯಾವ ರೈಲು ಎಂದೆ. ಟಿಕೆಟ್ಟಿನ ವಿಷಯ ನನಗೆ ಮರೆತೇಹೋಗಿತ್ತು. ಶೇಖರನಿಗೆ ರದ್ದು ಮಾಡಿಸಲು ಹೇಳಬೇಕು.

೧೮ ಸೆಪ್ಟೆಂಬರ್

ಆಸ್ಪತ್ರೆಯ ವರಾಂಡದ ಆ ತುದಿಯಲ್ಲಿ ಫರೀದಾಬಾದಿನಿಂದ ಬಂದ ಒಂದು ಹುಡುಗಿ ಇತ್ತು, ಅನನ್ಯಾಳದೇ ಕಾಯಿಲೆ. ಇಂಥ ಮಕ್ಕಳನ್ನು ಪಕ್ಕ ಪಕ್ಕ ಕೂರಿಸುವುದಿಲ್ಲ, ಒಬ್ಬರ ಎದೆಯ ಕೀಟಾಣು ಇನ್ನೊಬ್ಬರಿಗೆ ಹೋಗುತ್ತದಂತೆ. ಆ ಕಾಯಿಲೆಯ ಎರಡು ಮಕ್ಕಳಿಗೆ ಮಾತ್ರ ಒಬ್ಬರಿಗೊಬ್ಬರು ಮೈಲಿಗೆ. ಎಂಥ ಅನ್ಯಾಯ ನೋಡು.

ಮಕ್ಕಳಿಗೆ ಅದರ ಗೊಡವೆಯಿಲ್ಲ. ಅವಳು ಅಲ್ಲಿಂದ ಕೈ ಮೇಲೆತ್ತಿದರೆ ಇವಳು ಇಲ್ಲಿಂದ ಎತ್ತುತ್ತಾಳೆ. ಅವಳು ಬಾತುಕೋಳಿ ಮಾಡಿದರೆ ಇವಳು ಮೀನು ಮಾಡುತ್ತಾಳೆ. ಕಿಟಕಿಯ ಬಿಸಿಲು ಇಬ್ಬರ ನಡುವೆ ಉದ್ದಕ್ಕೂ ಚೆಲ್ಲಿತ್ತು, ಅದರಲ್ಲಿ ಧೂಳು ನಿಧಾನವಾಗಿ ತೇಲುತ್ತಿತ್ತು. ನೋಡುತ್ತಾ ನಾನು ಮತ್ತೆ ಹೊಳೆಯ ದಂಡೆಗೆ ಹೋಗಿಬಿಟ್ಟೆ. ಹೊಳೆ ಪೂರ್ತಿ ಬತ್ತಿತ್ತು. ಬೆಚ್ಚಗಿನ ಬಿಳಿ ಮರಳು, ಅದರ ಮೇಲೆ ಉಪ್ಪಿನ ಗೊಂಬೆ ಬರಿಗಾಲಲ್ಲಿ ಓಡುತ್ತಿತ್ತು. ವಸಂತಿ ಭುಜ ಮುಟ್ಟಿ ಎಬ್ಬಿಸಿದಳು.

೧೬ ಅಕ್ಟೋಬರ್

ಔಷಧಿ ಮುಗಿದಿದೆ. ಇವತ್ತು ಕಫ ಪರೀಕ್ಷೆಗೆ ಕೊಟ್ಟರು. ಮಗು ಡಬ್ಬಿಗೆ ಉಗಿದು, "ಅಜ್ಜಿ, ದೇಖೋ, ಬಿಳಿ!" ಎಂದು ತೋರಿಸಿದಳು. ಮುದ್ದು ಬಂತು. ನಾಲ್ಕು ದಿನ ಕಾಯಬೇಕು. ವಸಂತಿ ಉಪ್ಪು ಹಾಕದೆ ಹುಳಿ ಮಾಡಿದಳು, ನಾನು ಏನೂ ಅನ್ನದೆ ಉಂಡೆ.

೨೦ ಅಕ್ಟೋಬರ್

ಇವತ್ತು ನೀರು ತುಂಬುವ ಹಬ್ಬ. ನಾಳೆಯ ಎಣ್ಣೆನೀರಿಗೆ ಇವತ್ತು ಸಂಜೆಯೇ ಹಂಡೆ ಬೆಳಗಿ, ಕಂಠಮಟ್ಟ ನೀರು ತುಂಬಿ, ಗಂಗೆಗೆ ಪೂಜೆ ಮಾಡುವುದು ನಮ್ಮಲ್ಲಿ. ಮದುವೆಯಾಗಿ ಬಂದಾಗಿನಿಂದ ನಾನು ಒಂದು ವರ್ಷವೂ ತಪ್ಪಿಸಿಲ್ಲ. ನನ್ನ ಅತ್ತೆ ಕೊಟ್ಟ ತಾಮ್ರದ ಹಂಡೆಯನ್ನು ಇಲ್ಲಿಗೂ ರೈಲಿನಲ್ಲಿ ಹೊತ್ತು ತಂದಿದ್ದೆ.

ಹುಣಸೆಹಣ್ಣು ಹಚ್ಚಿ ಬೆಳಗಿದೆ. ಸುಣ್ಣದ ಪಟ್ಟೆ, ಅರಿಶಿನ ಕುಂಕುಮ. ಸಂಜೆ ನಲ್ಲಿ ಬಂತು, ಸದ್ದು ಕೇಳುತ್ತಾ ನಿಂತೆ. ಆಮೇಲೆ ಒಣ ಬಟ್ಟೆ ತೆಗೆದುಕೊಂಡು ಹಂಡೆಯ ಒಳಗನ್ನು ಮೂಲೆ ಮೂಲೆಯೂ ಒರೆಸಿ, ರಂಗೋಲಿಯ ಮೇಲೆ ಬೋರಲು ಹಾಕಿ, ತಳದ ಮೇಲೆ ಹೂವಿಟ್ಟೆ.

"ಅಜ್ಜಿ, ನೀರು ತುಂಬೋ ಹಬ್ಬ ಅಂದ್ಯಲ್ಲಾ, ಪಾನೀ ಕಹಾಂ ಹೈ?" ಎಂದು ಅನನ್ಯಾ ಕೇಳಿದಳು.

"ಗಂಗಮ್ಮ ಈ ವರ್ಷ ಊರಿಗೆ ಹೋಗಿದ್ದಾಳೆ, ಬಂದ ಮೇಲೆ ತುಂಬೋಣ," ಎಂದೆ. ನಾಳೆ ಬೆಳಿಗ್ಗೆ ನಲ್ಲಿಯಿಂದ ಹಿಡಿದು ಆಗಲೇ ಕಾಯಿಸಿ ಎರೆದರಾಯಿತು. ಹೊರಗೆ ಪಟಾಕಿ ಶುರುವಾಗಿತ್ತು. ಹೊಗೆ ಬಾರದಿರಲಿ ಎಂದು ಕಿಟಕಿಯ ಸಂದಿಗೆಲ್ಲ ನನ್ನ ಮಡಿಸೀರೆಗಳನ್ನು ತುರುಕಿದೆ. ಈಗ ನನಗೆ ಉಡಲು ಉಳಿದಿರುವುದು ಒಂದೇ ಸೀರೆ, ಆಗಲಿ.

ಬಾಗಿಲು ದಡ್ಡನೆ ತೆರೆಯಿತು. ವಸಂತಿ. ಮೆಟ್ಟಿಲು ಓಡಿ ಹತ್ತಿ ಏದುಸಿರು ಬಿಡುತ್ತಿದ್ದಳು, ಕೈಯಲ್ಲಿ ಆಸ್ಪತ್ರೆಯ ಕಾಗದ.

"ಅತ್ತೆ, ಬೆಳೆದಿಲ್ಲ!"

ನನ್ನ ಕಣ್ಣು ತಾನಾಗಿ ಅಡಿಗೆಮನೆ ಬಾಗಿಲಿನ ಗೆರೆಗೆ ಹೋಯಿತು. ಎಷ್ಟು ಮಾಡಿದರೂ ಮಗು ಬೆಳೆಯಲಿಲ್ಲವೇ ಎನ್ನುವಷ್ಟರಲ್ಲಿ ಅವಳು ನನ್ನ ಎರಡೂ ತೋಳು ಹಿಡಿದು ಅಲ್ಲಾಡಿಸಿದಳು. "ಏನೂ ಬೆಳೆದಿಲ್ಲ ಅತ್ತೆ. ಕೀಟಾಣು ಇಲ್ಲ. ಮೂರು ತಿಂಗಳಿಗೊಮ್ಮೆ ನೋಡ್ತಾನೇ ಇರ್ಬೇಕಂತೆ, ಆದ್ರೆ ಈಗ ಏನೂ ಇಲ್ಲ!" ಬಸ್ಸಿನಿಂದಿಳಿದ ಬಟ್ಟೆಯಲ್ಲೇ ನನ್ನ ಕುತ್ತಿಗೆಗೆ ಬಿದ್ದು ಅತ್ತಳು. ನಾನು ಮಡಿಯಲ್ಲಿದ್ದೆ. ಅವಳ ತಲೆ ಸವರಿದೆ, ಹಣೆಗೆ ಮುತ್ತು ಕೊಟ್ಟೆ. ಅವಳ ಹಣೆಯೂ ಸ್ವಲ್ಪ ಉಪ್ಪಾಗಿತ್ತು.

"ಕಣ್ಣೊರೆಸಿಕೋ ಪುಟ್ಟಿ, ಹಂಡೆ ಒದ್ದೆಯಾಗುತ್ತೆ," ಎಂದೆ.

ಶ್ಯಾವಿಗೆ ಹುರಿಯಲು ಇಟ್ಟಿದ್ದೇನೆ. ಸೀದು ಹೋದೀತು, ಉಳಿದದ್ದು ಆಮೇಲೆ.